ಅರಗು, ಪ್ಲೇಟು ಮತ್ತು ಒಂದು ಬಾಟಲಿ ಸ್ಪಿರಿಟ್

ಈ ಬ್ಲಾಗಿನ ಕಡೆ ತಲೆ ಹಾಕಿ ಮೂರು ತಿಂಗಳ ಮೇಲಾಯ್ತು. ಆಫೀಸಿನಲ್ಲಿ ರಿಲೀಸ್ ಗಲಾಟೆ, ಮನೆಯಲ್ಲಿ ಬೇರೊಂದು ಗಲಾಟೆ. ರಿಲೀಸ್ ಕಥೆ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರೋದೇ, ಅದನ್ನು ಬಿಡೋಣ. ಮನೆಯ ಗಲಾಟೆಗೆ ಕಾರಣ ಅಜ್ಜನ ಕಾಲದ ಒಂದು ಗ್ರಾಮಫೋನ್ ಪ್ಲೇಟು. ಅದನ್ನು ನಾನು ಹಾಳು ಮಾಡಿದೆ. ಕೈಜಾರಿ ಬಿದ್ದು ಒಡೆದಿದ್ದರೆ ಯಾರನ್ನಾದರೂ ದೂರಬಹುದಿತ್ತು. ನಾನು ಅದನ್ನು ಬಹಳ ಪ್ರೀತಿಯಿಂದ, ಹತ್ತಿಯಲ್ಲಿ ಮೆತ್ತಗೆ ಒರೆಸಿ ಹಾಳು ಮಾಡಿದೆ!

ಯಾಕೆ ಹಾಳಾಯ್ತು ಅಂತ ಹುಡುಕಲು ಕೂತವನಿಗೆ ನೂರಿಪ್ಪತ್ತು ವರ್ಷಕ್ಕೂ ಹಳೆಯ ಕಥೆಯೊಂದು ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಕಾಫಿ ತಂದುಕೊಂಡು ಕೂತರೆ ಒಳ್ಳೇದು :-)

ನಮ್ಮ ಹುಬ್ಬಳ್ಳಿ ಮನೆಯ ಅಟ್ಟದ ಮೇಲೆ ಅಜ್ಜನ ಒಂದು ಕಬ್ಬಿಣದ ಟ್ರಂಕ್ ಇತ್ತು. ಅದರಲ್ಲಿ ಎರಡು ಥರದ ಪ್ಲೇಟುಗಳು. ಒಂದು, ದೊಡ್ಡ ರಟ್ಟಿನ ಕವರಿನ ಎಲ್‌ಪಿಗಳು: ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಒಂದಷ್ಟು ಹಿಂದಿ ಸಿನಿಮಾ. ಇನ್ನೊಂದು, ಕಂದು ಕಾಗದದ ಚೀಲದಲ್ಲಿದ್ದ, ಸಣ್ಣ, ದಪ್ಪ, ತೂಕದ ಪ್ಲೇಟುಗಳು. ಎರಡೂ ಕರಿ, ಎರಡೂ ದುಂಡಗೆ, ಎರಡಕ್ಕೂ ನಡುವೆ ತೂತು. ನನ್ನ ಕಣ್ಣಿಗೆ ಎರಡೂ ಒಂದೇ. ತಪ್ಪು ಶುರುವಾಗಿದ್ದೇ ಅಲ್ಲಿ.

ಬೆಂಗಳೂರಿನಿಂದ ಒಂದು ಟರ್ನ್‌ಟೇಬಲ್ ಹೊತ್ತುಕೊಂಡು ಹೋದೆ. ಎಲ್‌ಪಿಗಳ ಧೂಳು ತೆಗೆಯೋಕೆ ಶುದ್ಧ ನೀರಿಗೆ ಸ್ವಲ್ಪ ಸ್ಪಿರಿಟ್ ಬೆರೆಸಿ ಒರೆಸಿ ಅಂತ ಎಲ್ಲೋ ಓದಿದ್ದೆ. ಹಾಗೇ ಮಾಡಿದೆ. ಎಲ್‌ಪಿಗಳು ಹೊಳೆದವು, ಹಾಡಿದವು. ಹುರುಪು ಹೆಚ್ಚಾಯ್ತು. ಆಗ ಅಜ್ಜಿ ಕಂದು ಚೀಲದಿಂದ ಒಂದು ಪ್ಲೇಟು ತೆಗೆದು ಕೊಟ್ಟಳು. ಅಬ್ದುಲ್ ಕರೀಂ ಖಾನರದ್ದು. ಒಂದು ಮಗ್ಗುಲಿಗೆ ಭೈರವಿ. ಅಜ್ಜ ಹೋಗುವ ತನಕ ಬೆಳಿಗ್ಗೆ ಸ್ನಾನ ಆದಮೇಲೆ ಹಾಕುತ್ತಿದ್ದದ್ದು ಅದನ್ನೇ ಅಂತೆ. ಧೂಳು ಜಾಸ್ತಿ ಇದೆಯಲ್ಲ ಅಂತ ನಾನು ನೀರು ಕಮ್ಮಿ, ಸ್ಪಿರಿಟ್ ಜಾಸ್ತಿ ಮಾಡಿ ಭೈರವಿಯ ಮಗ್ಗುಲನ್ನು ಒರೆಸಿದೆ. ಹತ್ತಿ ಕರ್ರಗಾಯಿತು. ಎಷ್ಟೊಂದು ಕೊಳೆ ಅಂದುಕೊಂಡು ಇನ್ನಷ್ಟು ಒರೆಸಿದೆ. ಹತ್ತಿ ಇನ್ನೂ ಕರ್ರಗಾಯಿತು.

ಒಣಗಿದ ಮೇಲೆ ನೋಡಿದರೆ ಹೊಳಪೇ ಇಲ್ಲ. ಮುಟ್ಟಿದರೆ ಅಂಟು. ಮುಳ್ಳು ಇಟ್ಟರೆ ಬರೀ ಸರ್ರ್... ಅದರ ಹಿಂದೆ ಎಲ್ಲೋ ಬಾವಿಯೊಳಗಿಂದ ಯಾರೋ ಹಾಡಿದ ಹಾಗೆ.

"ಯಾಕೋ ತಮ್ಮಾ, ಇನ್ನಾ ಹತ್ತಲಿಲ್ಲೇನು?" ಅಂದಳು ಅಜ್ಜಿ.

ನಾನು ಸುಮ್ಮನಿದ್ದೆ.

"ಹೋತೇನು?"

"ಹೂಂ ಅಜ್ಜಿ, ಹೋತು."

"ಇರ್ಲಿ ಬಿಡು" ಅಂದು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಮನೆಯ ಬಾಗಿಲಿಗೆ ಪಾಲಿಶ್ ಹಾಕಲು ಬಡಿಗೇರ ಮಾವ ಬಂದಿದ್ದರು. ಟೇಬಲ್ ಮೇಲಿದ್ದ ಪ್ಲೇಟು, ಬಾಟಲಿ, ಕರಿ ಹತ್ತಿ ಮೂರನ್ನೂ ನೋಡಿದವರೇ ನಕ್ಕರು. "ಏನ್ರೀ ಎಂಜಿನಿಯರ ಸಾಹೇಬ್ರ, ಅರಗಿಗೆ ಸ್ಪಿರಿಟ್ ಹಾಕಿದ್ರ ಕರಗಲಾರದ ಏನ್ ಮಾಡ್ತೈತ್ರಿ?" ಅಂದರು. ಅವರು ಬಾಗಿಲಿಗೆ ಹಚ್ಚುವ ಪಾಲಿಶ್ ಅಂದರೆ ಅರಗಿನ ಚಕ್ಕೆಯನ್ನು ಸ್ಪಿರಿಟಿನಲ್ಲಿ ಕರಗಿಸಿದ್ದೇ. ಅವರು ದಿನಾ ಮಾಡುವ ಕೆಲಸವನ್ನು ನಾನು ಅಬ್ದುಲ್ ಕರೀಂ ಖಾನರ ಮೇಲೆ ಮಾಡಿದ್ದೆ.

ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನಿಗೆ ಗೊತ್ತಿಲ್ಲದ್ದು ಇಷ್ಟೇ: ಎಲ್‌ಪಿ ವಿನೈಲ್‌ನದು, ಹಳೇ ಪ್ಲೇಟು ಅರಗಿನದು.

*

ಅರಗು ನಮಗೆ ಹೊಸದೇನಲ್ಲ. ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ್ದು ಅರಗಿನ ಅರಮನೆ. ಚನ್ನಪಟ್ಟಣದ ಬೊಂಬೆಗಳ ಮೇಲಿನ ಹೊಳೆಯುವ ಬಣ್ಣ ಅರಗಿನದು. ಅಂಚೆಯ ಪಾರ್ಸೆಲ್ಲಿಗೆ ಹಾಕುತ್ತಿದ್ದ ಕೆಂಪು ಮೊಹರೂ ಅದೇ ಜಾತಿ. ಮುತ್ತುಗ, ಬೋರೆ, ಕುಸುಮ್ ಮುಂತಾದ ಮರಗಳ ಕೊಂಬೆಗೆ ಮುತ್ತಿಕೊಳ್ಳುವ ಒಂದು ಪುಟ್ಟ ಕೀಟ ರಸ ಹೀರಿ, ತನ್ನ ಮೈಸುತ್ತ ಅಂಟು ಸ್ರವಿಸಿ ಗೂಡು ಕಟ್ಟಿಕೊಳ್ಳುತ್ತದೆ. ಕೊಂಬೆ ಕೆರೆದು, ತೊಳೆದು, ಕಾಯಿಸಿ, ಹಾಳೆಯಂತೆ ಎಳೆದು ಚಕ್ಕೆ ಮಾಡಿದರೆ ಅದೇ ಶೆಲ್ಲಾಕ್. ಇಂದಿನ ಜಾರ್ಖಂಡಿನ ಛೋಟಾ ನಾಗಪುರದ ಕಾಡುಗಳು ಇದಕ್ಕೆ ಹೆಸರುವಾಸಿ. ರಾಂಚಿ ಹತ್ತಿರದ ನಾಮ್‌ಕುಮ್‌ನಲ್ಲಿ 1920ರ ದಶಕದಲ್ಲೇ ಅರಗಿಗೆಂದೇ ಒಂದು ಸಂಶೋಧನಾ ಸಂಸ್ಥೆ ಶುರುವಾಯಿತು.

ಈ ಕೀಟಕ್ಕೂ ಹಾಡಿಗೂ ಗಂಟು ಬಿದ್ದಿದ್ದು ಅಮೆರಿಕದಲ್ಲಿ. 1877ರಲ್ಲಿ ಎಡಿಸನ್ ಮಾಡಿದ ಫೋನೋಗ್ರಾಫಿನಲ್ಲಿ ಹಾಡು ಇರುತ್ತಿದ್ದದ್ದು ಉರುಳೆಯ ಮೇಲೆ. ಉರುಳೆಯ ನಕಲು ತೆಗೆಯುವುದು ತಲೆನೋವು. 1887ರಲ್ಲಿ ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮಫೋನಿಗೆ ಪೇಟೆಂಟ್ ಪಡೆದ. ತಟ್ಟೆಯ ದೊಡ್ಡ ಗುಣ ಸದ್ದಿನದ್ದಲ್ಲ, ನಕಲಿನದ್ದು. ಒಂದು ಲೋಹದ ಅಚ್ಚು ಮಾಡಿಟ್ಟುಕೊಂಡರೆ ಚಕ್ಕುಲಿ ಒತ್ತಿದ ಹಾಗೆ ಒತ್ತುತ್ತಾ ಹೋಗಬಹುದು. ಆದರೆ ಯಾವ ಹಿಟ್ಟಿನಲ್ಲಿ ಒತ್ತುವುದು? ಮೊದಲು ಗಟ್ಟಿ ರಬ್ಬರಿನಲ್ಲಿ ನೋಡಿದ. ಅಚ್ಚಿನ ಗೀರು ಅದರಲ್ಲಿ ಎಲ್ಲ ಕಡೆ ಒಂದೇ ಸಮ ಮೂಡುತ್ತಿರಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ನ್ಯೂವಾರ್ಕ್ ಊರಿನ ಒಂದು ಗುಂಡಿ ಕಾರ್ಖಾನೆಯಲ್ಲಿ. ಅಂಗಿಗೆ ಹಾಕುವ ಗುಂಡಿ! ಅವರು ಗುಂಡಿ ಒತ್ತುತ್ತಿದ್ದ ಅರಗಿನ ಮಿಶ್ರಣದಲ್ಲೇ ಪ್ಲೇಟು ಒತ್ತಿ ನೋಡಿದರು, ಚೆನ್ನಾಗಿ ಬಂತು. 1890ರ ದಶಕದ ನಡುವಿನಿಂದ ಮುಂದಿನ ಐವತ್ತು ವರ್ಷ ಲೋಕದ ಹಾಡೆಲ್ಲ ಅರಗಿನ ಮೇಲೆಯೇ.

ಪ್ಲೇಟಿನಲ್ಲಿ ಪೂರಾ ಅರಗೇ ಇರುವುದಿಲ್ಲ. ಅರಗು ಬರೀ ಅಂಟು. ಕಾಲು ಭಾಗವೋ ಅದಕ್ಕಿಂತ ಕಮ್ಮಿಯೋ. ಉಳಿದದ್ದು ಸ್ಲೇಟು ಮತ್ತು ಸುಣ್ಣದ ಕಲ್ಲಿನ ಪುಡಿ, ಹತ್ತಿಯ ನಾರು, ಕರಿ ಬಣ್ಣಕ್ಕೆ ಮಸಿ. ಕಲ್ಲಿನ ಪುಡಿ ಹಾಕಿದ್ದು ಅಗ್ಗ ಅಂತ ಮಾತ್ರವಲ್ಲ. ಆಗಿನ ಉಕ್ಕಿನ ಮುಳ್ಳು ಗೀರಿಗೆ ಸರಿಯಾಗಿ ಕೂರಬೇಕಿತ್ತು. ಪ್ಲೇಟು ಮೊದಲ ಒಂದೆರಡು ಸುತ್ತಿನಲ್ಲಿ ಮುಳ್ಳನ್ನೇ ಸಾಣೆ ಹಿಡಿದು ತನ್ನ ಗೀರಿನ ಆಕಾರಕ್ಕೆ ತಂದುಕೊಳ್ಳುತ್ತಿತ್ತು! ಅದಕ್ಕೇ ಒಂದು ಮಗ್ಗುಲಿಗೆ ಒಂದು ಮುಳ್ಳು ಅಂತ ಲೆಕ್ಕ. ಹಳೇ ಪ್ಲೇಟುಗಳ ಆ ಸರ್ರ್ ಸದ್ದು ಬರೀ ವಯಸ್ಸಿನಿಂದ ಬಂದದ್ದಲ್ಲ, ಹುಟ್ಟಿದಾಗಲೇ ಇದ್ದದ್ದು. ಅದು ಕಲ್ಲಿನ ಪುಡಿಯ ಮೇಲೆ ಉಕ್ಕು ಉಜ್ಜುವ ಸದ್ದು.

*

ಈಗ ನಮ್ಮ ಕಡೆಯ ಕಥೆ. 1902ರ ಅಕ್ಟೋಬರ್ ಕೊನೆಗೆ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಕ್ಕೆ ಬಂದಿಳಿದ. ಹೋಟೆಲಿನ ಕೋಣೆಯನ್ನೇ ಸ್ಟುಡಿಯೋ ಮಾಡಿದ. ಮೈಕ್ ಇಲ್ಲ, ಕರೆಂಟ್ ಇಲ್ಲ. ಗೋಡೆಯಿಂದ ಚಾಚಿದ ಒಂದು ದೊಡ್ಡ ಕಹಳೆ, ಅದರ ಕಿರಿದಾದ ತುದಿಗೆ ಒಂದು ತೆಳು ಪೊರೆ, ಪೊರೆಗೆ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ದಪ್ಪ ತಟ್ಟೆ. ಹಾಡುವವರು ಕಹಳೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕು. ಗಂಟಲಿನ ಬಲವೇ ಸೂಜಿಯನ್ನು ಅಲುಗಿಸಬೇಕು, ಬೇರೆ ಶಕ್ತಿ ಯಾವುದೂ ಇಲ್ಲ.

ನವೆಂಬರ್ 11ರಂದು ಆ ಕಹಳೆಯ ಮುಂದೆ ನಿಂತವಳು ಗೌಹರ್ ಜಾನ್. ಗಂಟೆಗಟ್ಟಲೆ ಹಾಡುವ ಸಂಗೀತವನ್ನು ಮೂರು ನಿಮಿಷಕ್ಕೆ ಇಳಿಸಿ ಹಾಡಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಕೂಗಿದಳು. ಇದನ್ನು ಕೇಳಿದವರು ಎಂಥ ಠೇಂಕಾರ ಅಂದುಕೊಳ್ಳುತ್ತಾರೆ. ಕಾರಣ ಬೇರೆ. ಮೇಣದ ತಟ್ಟೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ಊರಿನ ಕಾರ್ಖಾನೆಗೆ ಹೋಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದ್ದು ಅಂತ ಗೊತ್ತಾಗಬೇಕಲ್ಲ? ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಅದು ಫೈಲಿನ ಕೊನೆಗೆ ಸೇರಿಸಿದ ಮೆಟಾಡೇಟಾ :-)

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಲೋಕದ ಅರಗಿನ ಬಹುಪಾಲು ಆಗ ಹೋಗುತ್ತಿದ್ದದ್ದು ನಮ್ಮ ದೇಶದಿಂದ, ಅದೇ ಕಲ್ಕತ್ತಾ ಬಂದರಿನ ಮೂಲಕ. ಅರಗೂ ಇಲ್ಲಿಂದ ಹೋಯ್ತು, ದನಿಯೂ ಇಲ್ಲಿಂದ ಹೋಯ್ತು. ಎರಡೂ ಜರ್ಮನಿಯಲ್ಲಿ ಒಂದಾಗಿ 1903ರಲ್ಲಿ ವಾಪಸ್ ಬಂದವು, ಮಾರಾಟಕ್ಕೆ. ವ್ಯಾಪಾರ ಕುದುರಿತು. 1908ರಲ್ಲಿ ಕಂಪನಿ ಕಲ್ಕತ್ತಾದ ಸಿಯಾಲ್ದಾದಲ್ಲೇ ಕಾರ್ಖಾನೆ ತೆರೆಯಿತು. 1928ರಲ್ಲಿ ಇನ್ನೂ ದೊಡ್ಡದು ಡಂಡಂನಲ್ಲಿ. ನಮ್ಮ ಅಜ್ಜಂದಿರು ಕೊಂಡ ನಾಯಿ ಮಾರ್ಕಿನ ಪ್ಲೇಟುಗಳಲ್ಲಿ ಬಹಳಷ್ಟು ಬಂದದ್ದು ಅಲ್ಲಿಂದಲೇ.

ಅದೇ 1928ರಲ್ಲಿ ಗೌಹರ್ ಜಾನ್ ನಮ್ಮ ಮೈಸೂರಿಗೆ ಬಂದಳು. ಹಣ, ಕೋರ್ಟು, ನಂಬಿಸಿ ಮೋಸ ಮಾಡಿದವರು, ಎಲ್ಲ ಮುಗಿದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನದಲ್ಲಿ ಜಾಗ ಕೊಟ್ಟರು. ಒಂದೂವರೆ ವರ್ಷ ಕಳೆಯುವುದರೊಳಗೆ, 1930ರ ಜನವರಿ 17ರಂದು, ಮೈಸೂರಿನಲ್ಲೇ ತೀರಿಕೊಂಡಳು. ಬೆಂಗಳೂರಿನ ವಿಕ್ರಮ್ ಸಂಪತ್ 2010ರಲ್ಲಿ ಅವಳ ಬಗ್ಗೆ ಇಂಗ್ಲಿಷಿನಲ್ಲಿ ಇಡೀ ಪುಸ್ತಕ ಬರೆದಿದ್ದಾರೆ. ಸಿಕ್ಕರೆ ಓದಿ. ಅವರೂ ಎಂಜಿನಿಯರಿಂಗ್ ಓದಿದವರೇ, ನನ್ನ ಹಾಗೆ ಪ್ಲೇಟು ಕರಗಿಸಿದವರಲ್ಲ.

ಆ ಕಾಲದ ಪ್ಲೇಟು ಹಾಕುವವರಿಗೆ ಇನ್ನೊಂದು ಪೇಚು ಇದೆ. ನಾವು 78 ಅಂತ ಕರೆದರೂ ಮೊದಲ ವರ್ಷಗಳ ಪ್ಲೇಟುಗಳೆಲ್ಲ ನಿಮಿಷಕ್ಕೆ 78 ಸುತ್ತಿನಲ್ಲಿ ಕೆತ್ತಿದವಲ್ಲ. ಎಪ್ಪತ್ತರ ಆಸುಪಾಸಿನಿಂದ ಎಂಬತ್ತರ ತನಕ ಮನಸ್ಸಿಗೆ ಬಂದ ಹಾಗೆ. 74ರಲ್ಲಿ ಕೆತ್ತಿದ್ದನ್ನು 78ರಲ್ಲಿ ಹಾಕಿದರೆ ಶ್ರುತಿ ಹೆಚ್ಚುಕಮ್ಮಿ ಒಂದು ಮನೆ ಮೇಲೆ ಹೋಗುತ್ತದೆ (ಹಾರ್ಮೋನಿಯಂ ನುಡಿಸುವವರಿಗೆ ಗೊತ್ತಾಗುತ್ತೆ). ದನಿ ತೆಳುವಾಗುತ್ತದೆ, ತಾನ್‌ಗಳು ಓಡುತ್ತವೆ. "ಹಳೇ ಕಾಲದವರು ಕೀಚಲು ದನಿಯಲ್ಲಿ ಹಾಡುತ್ತಿದ್ದರು" ಅನ್ನುವ ಮಾತಿಗೆ ಎಷ್ಟೋ ಸಲ ಕಾರಣ ಹಾಡಿದವರ ಗಂಟಲಲ್ಲ, ಹಾಕಿದವರ ಮೋಟಾರು.

*

ಈಗ ಮುಖ್ಯ ಪ್ರಶ್ನೆ. ಒಂದೇ ಹಾಡಿನ ಎರಡು ಪ್ಲೇಟು ಕೊಂಡರೆ ಒಂದು ಚೆನ್ನಾಗಿ, ಇನ್ನೊಂದು ಕೆಟ್ಟದಾಗಿ ಹಾಡುವುದು ಯಾಕೆ?

ನಮ್ಮ ಕೆಲಸದಲ್ಲಿ ನಕಲು ಅಂದರೆ ಅಸಲೇ. ಫೈಲನ್ನು ಸಾವಿರ ಸಲ ಕಾಪಿ ಮಾಡಿ, ಒಂದು ಬಿಟ್ ಬದಲಾಗದು. ಪ್ಲೇಟಿನ ಲೋಕದಲ್ಲಿ ಹಾಗಿಲ್ಲ. ಅಲ್ಲಿ ನಕಲಿಗೆ ಒಂದು ವಂಶಾವಳಿ ಇದೆ. ಮೊದಲು ಕೆತ್ತಿದ ಮೂಲ ತಟ್ಟೆ (ಆಗ ಮೇಣ, ಆಮೇಲೆ ಅಲ್ಯುಮಿನಿಯಂ ಮೇಲೆ ಬಳಿದ ಲ್ಯಾಕರ್, ಈ ಲ್ಯಾಕರಿನಲ್ಲಿ ಅರಗಿಲ್ಲ, ಆದರೆ ಹೆಸರು ಬಂದದ್ದು ನಮ್ಮ ಲಾಖಿನಿಂದಲೇ). ಅದರ ಮೇಲೆ ಲೋಹ ಲೇಪಿಸಿ ಬಿಡಿಸಿಕೊಂಡರೆ ಬರುವುದು ಅಪ್ಪ. ಅಪ್ಪನಲ್ಲಿ ಗೀರೆಲ್ಲ ಉಬ್ಬು, ಹಾಕಿ ಕೇಳಲಾಗದು. ಅಪ್ಪನ ಮೇಲೆ ಮತ್ತೆ ಲೋಹ ಬೆಳೆಸಿದರೆ ಅಮ್ಮ. ಇವಳನ್ನು ಕೇಳಬಹುದು, ದೋಷ ಇದ್ದರೆ ಇಲ್ಲೇ ತಿದ್ದಬಹುದು. ಅಮ್ಮನಿಂದ ಹುಟ್ಟುವುದು ಸ್ಟಾಂಪರ್, ಅಂದರೆ ಒತ್ತುವ ಅಚ್ಚು. ಅಪ್ಪ, ಅಮ್ಮ ಅನ್ನುವುದು ನನ್ನ ತಮಾಷೆ ಅಲ್ಲ, ಕಾರ್ಖಾನೆಯವರು ಕರೆಯುವುದೇ ಹಾಗೆ.

ಒಂದು ಸ್ಟಾಂಪರ್ ಸಾವಿರದ ಆಸುಪಾಸು ಪ್ಲೇಟು ಒತ್ತುವಷ್ಟರಲ್ಲಿ ಸವೆಯುತ್ತದೆ. ಮೊದಲು ಸವೆಯುವುದು ಅತಿ ಸಣ್ಣ ಉಬ್ಬುಗಳು, ಅಂದರೆ ಹೆಚ್ಚು ಕಂಪನದ ಸದ್ದುಗಳು: ತಂಬೂರಿಯ ಜೀವಾಳಿಯ ಹೊಳಪು, ಸಾರಂಗಿಯ ಅಂಚು, "ಸ" ಕಾರದ ಮೊನೆ. ನೂರನೆಯ ಪ್ಲೇಟಿನಲ್ಲಿ ಇದ್ದದ್ದು ಎರಡು ಸಾವಿರದ ಪ್ಲೇಟಿನಲ್ಲಿ ಇರುವುದಿಲ್ಲ. ಮಾರಾಟ ಜೋರಾಗಿದ್ದ ಹಾಡಿಗೆ ಸವೆದ ಅಚ್ಚನ್ನೇ ಇನ್ನೂ ಸ್ವಲ್ಪ ಎಳೆಯುವ ಆಸೆ ಯಾವ ಕಾರ್ಖಾನೆಗೆ ಇರೋದಿಲ್ಲ ಹೇಳಿ? ಹಾಗಾಗಿ ಜನಪ್ರಿಯ ಪ್ಲೇಟು ಸುಲಭವಾಗಿ ಸಿಗುತ್ತದೆ, ಒಳ್ಳೆಯ ಪ್ಲೇಟು ಸಿಗುವುದಿಲ್ಲ.

ಈ ವಂಶಾವಳಿಯನ್ನು ಪ್ಲೇಟಿನ ಮೇಲೆ ಓದಬಹುದು ಅನ್ನೋದು ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹಾಡು ಮುಗಿದ ಮೇಲೆ ಲೇಬಲ್ಲಿಗೂ ಗೀರಿಗೂ ನಡುವೆ ಒಂದು ನುಣುಪು ಪಟ್ಟಿ ಇರುತ್ತದಲ್ಲ, ಅಲ್ಲಿ ಸಣ್ಣ ಸಂಖ್ಯೆಗಳಿರುತ್ತವೆ. ಇಂಗ್ಲೆಂಡಿನ ಹೇಯ್ಸ್ ಕಾರ್ಖಾನೆಯಲ್ಲಿ ಒತ್ತಿದ ಇಎಂಐ ಎಲ್‌ಪಿಗಳಲ್ಲಂತೂ ಪೂರ್ತಿ ಜಾತಕವೇ ಇದೆ. ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಕೆಳಗೆ, ಗಡಿಯಾರದ ಆರು ಗಂಟೆಯ ಜಾಗದಲ್ಲಿ ಹಿಡಿದರೆ, ಒಂಬತ್ತು ಗಂಟೆಯ ಜಾಗದಲ್ಲಿ ಅಮ್ಮನ ಸಂಖ್ಯೆ, ಮೂರು ಗಂಟೆಯ ಜಾಗದಲ್ಲಿ ಸ್ಟಾಂಪರಿನ ಸಂಖ್ಯೆ. ಸ್ಟಾಂಪರಿನದ್ದು ಅಂಕಿಯಲ್ಲಿ ಅಲ್ಲ, ಗುಪ್ತಲಿಪಿಯಲ್ಲಿ! ಗ್ರಾಮಫೋನ್ ಲಿಮಿಟೆಡ್ ಅನ್ನುವುದನ್ನು ಕತ್ತರಿಸಿ ಹತ್ತು ಅಕ್ಷರ ಮಾಡಿಕೊಂಡರು: ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ. ಜಿ ಅಂದರೆ 1, ಆರ್ ಅಂದರೆ 2, ಹೀಗೇ ಹೋಗಿ ಡಿ ಅಂದರೆ ಸೊನ್ನೆ. "ಜಿಎಚ್" ಅಂತ ಇದ್ದರೆ ಅದು ಹದಿನೇಳನೇ ಸ್ಟಾಂಪರ್. ಬಿಲ್ಡ್ ನಂಬರ್ ಇದು, ಅಷ್ಟೇ! ಸಂಗ್ರಹಕಾರರು ಅಂಗಡಿಯಲ್ಲಿ ಪ್ಲೇಟನ್ನು ಬೆಳಕಿಗೆ ಓರೆ ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತಿರುವುದು ಗೀರು ಬಿದ್ದಿದೆಯಾ ಅಂತ ಮಾತ್ರ ಅಲ್ಲ. ಬರೀ "ಜಿ" ಇದೆಯಾ ಅಂತ.

ಹಾಗಂತ ಸಂಖ್ಯೆಯೇ ದೇವರಲ್ಲ. ಮೊದಲ ಅಚ್ಚಿನ ಪ್ಲೇಟನ್ನು ಯಾರೋ ಪುಣ್ಯಾತ್ಮ ಸವೆದ ಮುಳ್ಳಿನಲ್ಲಿ ನೂರು ಸಲ ಹಾಕಿದ್ದರೆ ಅದಕ್ಕಿಂತ ಹದಿನೇಳನೇ ಅಚ್ಚಿನ, ಕವರಿನಿಂದ ಹೊರಗೇ ಬರದ ಪ್ಲೇಟು ಮೇಲು.

*

ಅರಗಿನಿಂದ ವಿನೈಲಿಗೆ ಬಂದದ್ದು ಹೇಗೆ ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ.

1925ರಲ್ಲಿ ಅಮೆರಿಕದಲ್ಲಿ ಮೈಕ್ ಮತ್ತು ಆಂಪ್ಲಿಫೈಯರ್ ಬಳಸಿ ಕೆತ್ತುವುದು ಶುರುವಾಯಿತು. ಕಹಳೆಯ ಕಾಲದಲ್ಲಿ ಸದ್ದು ಸುಮಾರು 2000 ಹರ್ಟ್ಝ್ ಹತ್ತಿರ ನಿಂತುಹೋಗುತ್ತಿತ್ತು. ಈಗ 5000 ಹರ್ಟ್ಝ್ ತನಕ ಬಂತು. ಕಿರುಚುವ ಅಗತ್ಯ ಹೋಯಿತು. ಮೆಲ್ಲಗೆ, ಎಳೆಎಳೆಯಾಗಿ ಹಾಡುವವರ ದನಿಗೂ ಪ್ಲೇಟಿನಲ್ಲಿ ಜಾಗ ಸಿಕ್ಕಿತು. ಅಬ್ದುಲ್ ಕರೀಂ ಖಾನರು ಕಹಳೆಯ ಕಾಲದಲ್ಲೂ ಹಾಡಿದ್ದಾರೆ, 1930ರ ದಶಕದಲ್ಲಿ ಮೈಕಿನ ಮುಂದೆಯೂ ಹಾಡಿದ್ದಾರೆ. ಇವತ್ತು ನಾವು ಕಣ್ಣು ಮುಚ್ಚಿ ಕೇಳುವುದು ಎರಡನೆಯದನ್ನೇ. ಆ ದನಿಯ ಮೃದುತನ ಕಹಳೆಗೆ ಹಿಡಿಸುವಂಥದ್ದಲ್ಲ. ಅದೇ ದಶಕದಲ್ಲಿ ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ನಮ್ಮ ಮಲ್ಲಿಕಾರ್ಜುನ ಮನಸೂರರು, "ಗಾಂಧಾರಿ" ಅನ್ನುವ ಹೆಸರಿನಲ್ಲಿ ಹುಬ್ಬಳ್ಳಿಯ ಗಂಗೂಬಾಯಿಯವರು ಪ್ಲೇಟು ಕೊಟ್ಟರು. ಮೈಕ್ ತಡವಾಗಿ ಬಂದಿದ್ದರೆ ನಮ್ಮ ಊರಿನವರ ದನಿ ಕಹಳೆಯಲ್ಲಿ ಎಷ್ಟು ಉಳಿಯುತ್ತಿತ್ತೋ.

ಆಮೇಲೆ ಎರಡನೇ ಮಹಾಯುದ್ಧ. ಏಷ್ಯಾದ ಅರಗು ಅಮೆರಿಕಕ್ಕೆ ಹೋಗುವುದು ಕಷ್ಟವಾಯಿತು. 1942ರಲ್ಲಿ ಅಲ್ಲಿನ ಸರ್ಕಾರ ಪ್ಲೇಟಿಗೆ ಅರಗು ಬಳಸುವುದಕ್ಕೆ ಕಡಿವಾಣ ಹಾಕಿತು. ಸೈನಿಕರಿಗೆ ಕಳಿಸುವ ಪ್ಲೇಟುಗಳನ್ನು ಒಡೆಯದ ವಿನೈಲಿನಲ್ಲಿ ಒತ್ತಿದರು. ವಿನೈಲಿಗೆ ಕಲ್ಲಿನ ಪುಡಿ ಬೇಡ, ಹಾಗಾಗಿ ಸರ್ರ್ ಸದ್ದು ಇಳಿಯಿತು. ಸದ್ದು ಇಳಿದರೆ ಗೀರು ಸಣ್ಣದು ಮಾಡಬಹುದು. 78ರ ಮುಳ್ಳಿನ ತುದಿ ಸುಮಾರು 75 ಮೈಕ್ರಾನ್, ಎಲ್‌ಪಿಯದ್ದು ಸುಮಾರು 25. ಗೀರು ಸಣ್ಣದಾದರೆ ಒತ್ತೊತ್ತಾಗಿ ಕೆತ್ತಬಹುದು, ನಿಧಾನ ತಿರುಗಿಸಬಹುದು. 1948ರಲ್ಲಿ ಕೊಲಂಬಿಯಾ ಕಂಪನಿ ತಂದ ಎಲ್‌ಪಿ ನಿಮಿಷಕ್ಕೆ 33 ಚಿಲ್ಲರೆ ಸುತ್ತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ. ಮೂರು ನಿಮಿಷದ ರಾಗ ಮತ್ತೆ ಕಾಲು ಚಾಚಿ ಕೂತಿತು.

ನಮ್ಮಲ್ಲಿ ಹಳೇ ಯಂತ್ರಗಳು ಮನೆಮನೆಯಲ್ಲಿ ಇದ್ದದ್ದರಿಂದ 78 ಅಷ್ಟು ಬೇಗ ಸಾಯಲಿಲ್ಲ. 1960ರ ದಶಕದಲ್ಲಿ ಬೀಟಲ್ಸ್ ಹಾಡುಗಳನ್ನೂ ಭಾರತದಲ್ಲಿ 78ರ ಪ್ಲೇಟಿನಲ್ಲಿ ಒತ್ತಿದರು! ಇಂಗ್ಲೆಂಡಿನಲ್ಲಿ ಆಗಲೇ ನಿಂತುಹೋಗಿದ್ದ ಬಗೆ. ಇವತ್ತು ಅಲ್ಲಿನ ಸಂಗ್ರಹಕಾರರು ಅದಕ್ಕೆ ಹುಡುಕಾಡುತ್ತಾರೆ.

ವಿನೈಲಿನಲ್ಲೂ ಒಳ್ಳೇದು ಕೆಟ್ಟದ್ದು ಇದೆ. ನಾನು ಕೇಳಿ, ಓದಿ, ಕೈ ಸುಟ್ಟುಕೊಂಡು ಕಲಿತದ್ದು ಇಷ್ಟು:

ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಅರ್ಧ ಮೀಟರ್ ಗೀರು ಓಡುತ್ತದೆ. ಲೇಬಲ್ ಹತ್ತಿರ ಬರುವಾಗ 20 ಸೆಂಟಿಮೀಟರ್ ಅಷ್ಟೇ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಬೇಕು. ಹಾಗಾಗಿ ಎಲ್‌ಪಿಯ ಕೊನೆಯ ಹಾಡು ಸ್ವಲ್ಪ ಮಬ್ಬು. ಖಯಾಲಿನ ದ್ರುತ್ ತಾನ್‌ಗಳು ಬರುವುದೂ ಅಲ್ಲೇ, ಏನು ಮಾಡೋಣ.

ಒಂದು ಮಗ್ಗುಲಿಗೆ ಇಪ್ಪತ್ತೈದು, ಮೂವತ್ತು ನಿಮಿಷ ತುಂಬಿದರೆ ಗೀರುಗಳನ್ನು ಹತ್ತಿರ ಹತ್ತಿರ ಹಾಕಬೇಕು, ಅದಕ್ಕೆ ಸದ್ದಿನ ಮಟ್ಟ ಇಳಿಸಿ ಕೆತ್ತಬೇಕು. ಇಳಿಸಿದ ಸದ್ದಿನಲ್ಲಿ ಧೂಳಿನ ಚಟಪಟ ಎದ್ದು ಕೇಳುತ್ತದೆ. "ಒಂದೇ ಪ್ಲೇಟಿನಲ್ಲಿ ಹದಿನಾರು ಹಾಡು" ಅಂದರೆ ಅನುಮಾನ ಪಡಿ.

ಮಂದ್ರ ಸದ್ದಿಗೆ ಅಗಲ ಗೀರು ಬೇಕು, ಜಾಗ ತಿನ್ನುತ್ತದೆ. ಅದಕ್ಕೆ ಕೆತ್ತುವಾಗ ಮಂದ್ರ ತಗ್ಗಿಸಿ, ತಾರ ಏರಿಸುತ್ತಾರೆ. ಹಾಕುವಾಗ ಉಲ್ಟಾ ಮಾಡುತ್ತಾರೆ. 1954ರಲ್ಲಿ ಆರ್‌ಐಎಎ ಅನ್ನುವ ಒಂದೇ ಲೆಕ್ಕ ಬಂತು. ಅದಕ್ಕೂ ಮೊದಲು ಕಂಪನಿಗೊಂದು ಲೆಕ್ಕ ಇತ್ತು. ಹಳೇ ಪ್ಲೇಟನ್ನು ಇಂದಿನ ಆಂಪ್ಲಿಫೈಯರಿಗೆ ಹಾಕಿದಾಗ ಏನೋ ಸರಿ ಇಲ್ಲ ಅನ್ನಿಸಿದರೆ ತಪ್ಪು ಪ್ಲೇಟಿನದ್ದೇ ಆಗಬೇಕಿಲ್ಲ.

ತೂಕ ನೋಡಿ ಮೋಸ ಹೋಗಬೇಡಿ. 180 ಗ್ರಾಂ ಪ್ಲೇಟು ಅಷ್ಟಾಗಿ ಬಾಗದು, ಕೈಗೆ ಚೆಂದ. ಆದರೆ ಗೀರು ಇರುವುದು ಮೇಲ್ಮೈಯಲ್ಲಿ, ಅಡಿಯಲ್ಲಿ ಎಷ್ಟು ದಪ್ಪ ಇದ್ದರೆ ಅದಕ್ಕೇನು? ಅದರ ಬದಲು ಪ್ಲಾಸ್ಟಿಕ್ ಎಷ್ಟು ಶುದ್ಧ ಅನ್ನೋದು ಮುಖ್ಯ. ಹಳೇ ಪ್ಲೇಟು ಪುಡಿ ಮಾಡಿ ಮತ್ತೆ ಕರಗಿಸಿ ಒತ್ತಿದರೆ ಅದರಲ್ಲಿ ಕಸ ಸೇರಿ ಸದ್ದು ಬರುತ್ತದೆ. ನಡುವಿನ ತೂತು ಒಂದು ಕೂದಲೆಳೆ ಪಕ್ಕಕ್ಕೆ ಹೋದರೂ ನೀಳ ಸ್ವರ ತೇಲಾಡುತ್ತದೆ. ಆಲಾಪ ಕೇಳುವ ನಮ್ಮಂಥವರ ಕಿವಿಗೆ ಇದು ಮೊದಲು ಗೊತ್ತಾಗುತ್ತದೆ.

ಒಟ್ಟಿನಲ್ಲಿ ಒಳ್ಳೆಯ ಪ್ಲೇಟು ಅಂದರೆ ಹತ್ತು ಕೈಗಳಲ್ಲಿ ಒಂದೂ ಅಸಡ್ಡೆ ಮಾಡದೆ ದಾಟಿಸಿದ ವಸ್ತು. ಕೆತ್ತಿದವನು, ಲೋಹ ಬೆಳೆಸಿದವನು, ಸವೆದ ಅಚ್ಚನ್ನು ಸಮಯಕ್ಕೆ ಎಸೆದವನು, ಒತ್ತಿದವನು, ಕೊಂಡು ಜೋಪಾನ ಮಾಡಿದವನು. ಕೊನೆಯ ಕೈ ನಮ್ಮದು. ನಮ್ಮ ಮನೆಯ ಪ್ಲೇಟಿನ ವಿಷಯದಲ್ಲಿ ಒಂಬತ್ತು ಕೈಗಳು ತಮ್ಮ ಕೆಲಸ ಸರಿಯಾಗಿ ಮಾಡಿದ್ದವು.

ಈ ಸರಪಳಿ ಈಗ ಇನ್ನೂ ತೆಳುವಾಗಿದೆ. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವಿನೈಲ್ ಪ್ಲೇಟು ಮಾರಾಟವಾಗಿ 3.3 ಕೋಟಿ ಸಿಡಿಗಳನ್ನು ಹಿಂದೆ ಹಾಕಿದವು. ಆದರೆ ಕೆತ್ತಲು ಬೇಕಾದ ಲ್ಯಾಕರ್ ತಟ್ಟೆ ಮಾಡುತ್ತಿದ್ದದ್ದು ಲೋಕದಲ್ಲಿ ಎರಡೇ ಕಾರ್ಖಾನೆ. ಅದರಲ್ಲೊಂದು, ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್, 2020ರ ಫೆಬ್ರವರಿಯಲ್ಲಿ ಸುಟ್ಟು ಹೋಯಿತು.

*

ಮತ್ತೆ ಹುಬ್ಬಳ್ಳಿಗೆ.

ಭೈರವಿಯ ಪಾಪ ತೊಳೆಯಲು ಮೊದಲು ಅದೇ ಹಾಡಿನ ಮರುಮುದ್ರಣದ ಎಲ್‌ಪಿ ಒಂದನ್ನು ಹಳೇ ಅಂಗಡಿಯಲ್ಲಿ ಹುಡುಕಿ ತಂದೆ. ಸದ್ದೇ ಇಲ್ಲ, ಶುದ್ಧ. ಖುಷಿಯಿಂದ ಅಜ್ಜಿಗೆ ಕೇಳಿಸಿದೆ. ಅಜ್ಜಿ ಪೂರ್ತಿ ಕೇಳಿ, "ಹಾಡು ಅದೇ ಅದ. ಆದ್ರ ಖಾನಸಾಹೇಬರು ಕಂಬಳಿ ಹೊತ್ಕೊಂಡು ಹಾಡಿಧಂಗ ಕೇಳಸ್ತದ" ಅಂದಳು. ತಂಬೂರಿ ಎಲ್ಲಿ ಅಂತ ನಾನೂ ಮತ್ತೆ ಕೇಳಿದೆ. ಯಾರೋ ಸರ್ರ್ ಸದ್ದು ತೆಗೆಯಲು ಹೋಗಿ ಅದೇ ಎತ್ತರದಲ್ಲಿದ್ದ ತಂಬೂರಿಯ ಹೊಳಪನ್ನೂ, ಉಸಿರನ್ನೂ ತೆಗೆದುಬಿಟ್ಟಿದ್ದರು. ಅಂದರೆ ನಾನು ಸ್ಪಿರಿಟಿನಲ್ಲಿ ಮಾಡಿದ್ದನ್ನೇ ಅವರು ಫಿಲ್ಟರಿನಲ್ಲಿ ಮಾಡಿದ್ದರು. ಧೂಳು ಯಾವುದು, ಹಾಡು ಯಾವುದು ಅಂತ ನೋಡದೆ ಒರೆಸಿದ್ದು.

ಆಮೇಲೆ ನೆನಪಾಯಿತು. ನಾನು ಒರೆಸಿದ್ದು ಒಂದು ಮಗ್ಗುಲು ಮಾತ್ರ!

78ಕ್ಕೆ ತಕ್ಕ ಅಗಲದ ಮುಳ್ಳು ತರಿಸಿದೆ (ಅವತ್ತು ಹಾಕಿದ್ದು ಎಲ್‌ಪಿ ಮುಳ್ಳು, ಅದು ಅಗಲ ಗೀರಿನ ತಳದಲ್ಲಿ ಕಸ ಗುಡಿಸುತ್ತಾ ಹೋಗುತ್ತದೆ, ಗೋಡೆ ಮುಟ್ಟುವುದಿಲ್ಲ. ಸ್ಪಿರಿಟ್ ಮುಟ್ಟದಿದ್ದರೂ ನಾನು ಅರ್ಧ ಹಾಡು ಮಾತ್ರ ಕೇಳುತ್ತಿದ್ದೆ). ಬರೀ ಶುದ್ಧ ನೀರು, ಒಂದು ಹನಿ ಸೋಪು, ಮೆತ್ತನೆ ಬಟ್ಟೆ. ಲೇಬಲ್ಲಿಗೆ ನೀರು ತಾಗದ ಹಾಗೆ ಬಟ್ಟಲು ಮುಚ್ಚಿಕೊಂಡು, ಕೈ ನಡುಗುತ್ತಾ ಒರೆಸಿದೆ. ಹತ್ತಿ ಕರ್ರಗಾಗಲಿಲ್ಲ, ಬೂದಿ ಬಣ್ಣಕ್ಕೆ ನಿಂತಿತು. ಒಣಗಿಸಿ ಹಾಕಿದೆ.

ಸರ್ರ್ ಬಂತು. ಅದರೊಳಗಿಂದ ತಂಬೂರಿ ಬಂತು. ಆಮೇಲೆ ಅವರು ಬಂದರು.

ಅಜ್ಜಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತಳು. ಮೂರು ನಿಮಿಷ ಚಿಲ್ಲರೆ. ಮುಗಿದ ಮೇಲೆ ಅಂದದ್ದು ಒಂದೇ ಮಾತು: "ಈ ಮಗ್ಗಲಾ ನಿಮ್ಮ ಅಜ್ಜ ಭಾಳ ಹಾಕ್ತಿದ್ದಿಲ್ಲ. ಅದಕ್ಕ ಚೊಲೋ ಉಳದದ ನೋಡು."

ಭೈರವಿಯ ಮಗ್ಗುಲು ಹಾಗೇ ಇದೆ, ಮಂಕಾಗಿ, ನನ್ನ ಬೆರಳಿನ ಗುರುತು ಸಮೇತ. ಅದನ್ನು ಎಸೆದಿಲ್ಲ, ಎಸೆಯುವ ಹಾಗೂ ಇಲ್ಲ. ಇನ್ನೊಂದು ಮಗ್ಗುಲನ್ನು ಏನೂ ಫಿಲ್ಟರ್ ಹಾಕದೆ ಕಂಪ್ಯೂಟರಿಗೆ ಇಳಿಸಿಟ್ಟಿದ್ದೇನೆ.

ನಿಮ್ಮ ಊರಿನ ಅಟ್ಟದ ಮೇಲೂ ಇಂಥದ್ದೊಂದು ಟ್ರಂಕ್ ಇರಬಹುದು. ಇದ್ದರೆ ಒಂದು ಮಾತು. ಪ್ಲೇಟು ದಪ್ಪಗೆ, ತೂಕವಾಗಿ, ಬಾಗದೆ ಇದ್ದರೆ ಅರಗಿನದು ಅಂದುಕೊಳ್ಳಿ, ಸ್ಪಿರಿಟ್ ಹತ್ತಿರ ತರಬೇಡಿ. ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ ಇಡಿ. ಬಿಸಿಲಿಗೆ ಇಡಬೇಡಿ. ಮೊದಲು ಬಡಿಗೇರರನ್ನು ಕೇಳಿ, ಆಮೇಲೆ ಎಂಜಿನಿಯರನ್ನು ಕೇಳಿ :-)

ನಿಮ್ಮ ಟ್ರಂಕಿನಲ್ಲಿ ಯಾರ ದನಿ ಸಿಕ್ಕಿತು ಅಂತ ಬರೆದು ತಿಳಿಸಿ. ಭೈರವಿ ಏನಾದರೂ ಸಿಕ್ಕರೆ, ಕೇಳೋಕೆ ನಾನು, ಅಜ್ಜಿ ಇಬ್ಬರೂ ಬರ್ತೀವಿ. ಪ್ಲೇಟು ಮುಟ್ಟೋದಿಲ್ಲ, ಆಣೆ.